ಆ್ಯಪಿನಲ್ಲಿ ದಿನಾಂಕ ಬದಲಾಗುತ್ತಿದೆ, ಕೇಸು ಮಾತ್ರ ಕದಲುತ್ತಿಲ್ಲ: ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಇಬ್ಬರು ಅಕ್ಕತಂಗಿಯರು. ತಂದೆಯವರ ಆಸ್ತಿಯಲ್ಲಿ ಪಾಲು ಕೇಳಿ ಮೂವರು ಸೋದರರ ಮೇಲೆ 2019ರಲ್ಲಿ ಬೆಂಗಳೂರಿನಲ್ಲಿ ವಿಭಾಗದ ದಾವೆ ಹಾಕಿದ್ದೇವೆ. ರಾಜಾಜಿನಗರದಲ್ಲಿ ಒಂದು ಮನೆ, ದೊಡ್ಡಬಳ್ಳಾಪುರದ ಹತ್ತಿರ ಎರಡು ಎಕರೆ ಜಮೀನು ಇದೆ. ದೊಡ್ಡಣ್ಣ ಆ ಮನೆಯಲ್ಲೇ ಇದ್ದಾರೆ. ಎರಡನೆಯ ಅಣ್ಣ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ತಮ್ಮ ಅಮೆರಿಕದಲ್ಲಿದ್ದಾನೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಸಲ ನೋಡಿದರೂ ‘ಸ್ಟೆಪ್ಸ್’ ಎಂದಿರುತ್ತದೆ, ಮುಂದಿನ ದಿನಾಂಕ ಬಂದಿರುತ್ತದೆ. ಕೋರ್ಟುಗಳೆಲ್ಲ ಕಂಪ್ಯೂಟರೀಕರಣ ಆಗಿವೆ ಎನ್ನುತ್ತಾರೆ. ಹಾಗಿದ್ದರೂ ಇಷ್ಟು ತಡ ಯಾಕೆ? ನಾವು ಏನಾದರೂ ಮಾಡಬಹುದೇ?

ಉತ್ತರ: ‘ಸ್ಟೆಪ್ಸ್’ ಹಂತದಲ್ಲಿ ಕೇಸು ನಿಂತಿದೆ ಎಂದರೆ ಮುಂದಿನ ಕೆಲಸ ವಾದಿಯದು, ಅಂದರೆ ನಿಮ್ಮದು. ನ್ಯಾಯಾಧೀಶರ ಆದೇಶ ಬಾಕಿ ಇದೆ ಎಂದಲ್ಲ, ಎದುರಾಳಿ ಎಳೆದಾಡುತ್ತಿದ್ದಾರೆ ಎಂದೂ ಅಲ್ಲ. ಸಮನ್ಸಿಗೆ ಪಿ.ಎಫ್. (ಕಳಿಸುವ ಶುಲ್ಕ) ಕಟ್ಟುವುದೋ, ಸರಿಯಾದ ವಿಳಾಸ ಕೊಡುವುದೋ, ತೀರಿಕೊಂಡವರ ವಾರಸುದಾರರನ್ನು ದಾವೆಗೆ ಸೇರಿಸುವುದೋ, ಯಾವುದೋ ಒಂದು ಆಗಿಲ್ಲ. ನಿಮ್ಮ ಪತ್ರದ ವಿವರ ನೋಡಿದರೆ ಗಂಟು ಎರಡು ಕಡೆ ಬಿದ್ದಿರಬಹುದು: ತೀರಿಕೊಂಡ ಅಣ್ಣನ ವಿಷಯ, ಅಮೆರಿಕದಲ್ಲಿರುವ ತಮ್ಮನ ವಿಷಯ. ಮೊದಲನೆಯದು ಅಪಾಯಕಾರಿ. ಅಲ್ಲಿಗೆ ಹೋಗುವ ಮುನ್ನ ದಾಖಲೆ ಓದುವ ಕ್ರಮ ಹೇಳುತ್ತೇನೆ, ಏಕೆಂದರೆ ಊಹೆಯ ಮೇಲೆ ವಕೀಲರ ಹತ್ತಿರ ಹೋದರೆ ‘ನೋಡೋಣ’ ಎಂಬ ಉತ್ತರವೇ ಸಿಗುತ್ತದೆ.

ನಿಮ್ಮ ಕೇಸಿಗೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಬೆಂಗಳೂರು ನಗರದ ಕೋರ್ಟುಗಳದು ‘ಕೆಎಬಿಸಿ’ ಎಂದು ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. ಒ.ಎಸ್. (ಮೂಲ ದಾವೆ) ನಂಬರಿಗಿಂತ ಇದನ್ನೇ ನಂಬಿ. ಫೈಲಿಂಗ್ ನಂಬರು ಬೇರೆ, ನೋಂದಣಿಯಾದ ಮೇಲಿನ ಒ.ಎಸ್. ನಂಬರು ಬೇರೆ. ಎರಡನ್ನೂ ಅದಲುಬದಲು ಮಾಡಿ ಹುಡುಕಿ ‘ದಾಖಲೆ ಇಲ್ಲ’ ಎಂದು ಗಾಬರಿಯಾಗುವವರು ಬಹಳ. ಸಿಎನ್‌ಆರ್ ಅನ್ನು ಕಾಗದದ ಮೇಲೂ ಬರೆದಿಡಿ, ಫೋನು ಬದಲಿಸಿದಾಗ ಆ್ಯಪಿನ ‘ಮೈ ಕೇಸಸ್’ ಪಟ್ಟಿ ಜೊತೆಗೆ ಬಾರದಿರಬಹುದು. ಇಂಟರ್ನೆಟ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ‘ಇಕೋರ್ಟ್ಸ್’ ಎಂದು ಒಂದೇ ಪದವಾಗಿ ಬರೆದು, ಒಂದು ಜಾಗ ಬಿಟ್ಟು, ಸಿಎನ್‌ಆರ್ ಹಾಕಿ 9766899899ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಸ್ಥಿತಿಗತಿ ಬರುತ್ತದೆ.

ಹೆಚ್ಚಿನವರು ನೋಡುವುದು ಮುಂದಿನ ದಿನಾಂಕವನ್ನು ಮಾತ್ರ. ಕೇಸಿನ ನಿಜವಾದ ಚರಿತ್ರೆ ಅದರ ಕೆಳಗಿನ ‘ಕೇಸ್ ಹಿಸ್ಟರಿ’ ಪಟ್ಟಿಯಲ್ಲಿದೆ. ಯಾವ ನ್ಯಾಯಾಧೀಶರ ಮುಂದೆ, ಯಾವ ದಿನ, ಯಾವ ಉದ್ದೇಶಕ್ಕೆ ಬಂದಿತ್ತು ಎಂದು ಸಾಲುಸಾಲಾಗಿ ಇರುತ್ತದೆ. ಅದರಲ್ಲಿ ‘ಬಿಸಿನೆಸ್ ಆನ್ ಡೇಟ್’ ಅಂಕಣದ ದಿನಾಂಕವನ್ನು ಒತ್ತಿದರೆ ಆ ದಿನ ಕೋರ್ಟಿನಲ್ಲಿ ನಡೆದದ್ದು ಎರಡು ಮೂರು ಸಾಲಿನಲ್ಲಿ ತೆರೆದುಕೊಳ್ಳುತ್ತದೆ: ‘ಪ್ರತಿವಾದಿ 1 ವಕೀಲರ ಮೂಲಕ ಹಾಜರು. ಪ್ರತಿವಾದಿ 3ರ ಸಮನ್ಸ್ ಜಾರಿಯಾಗದೆ ವಾಪಸು. ಪ್ರತಿವಾದಿ 2 ಮೃತರೆಂದು ವರದಿ. ವಾದಿ ಕ್ರಮ ಕೈಗೊಳ್ಳಲು ಕಾಲಾವಕಾಶ’ ಎಂಬ ಧಾಟಿಯಲ್ಲಿ. ಬೆಂಗಳೂರಿನಲ್ಲಿ ಬಹುತೇಕ ಇದು ಇಂಗ್ಲಿಷಿನಲ್ಲಿ, ಸಂಕ್ಷಿಪ್ತ ಅಕ್ಷರಗಳಲ್ಲಿ ಇರುತ್ತದೆ. ‘ಪಿ.ಎಫ್.’ ಎಂದರೆ ಸಮನ್ಸ್ ಕಳಿಸಲು ಕಟ್ಟುವ ಶುಲ್ಕ, ‘ಪಿ.ಒ.’ ಎಂದರೆ ನ್ಯಾಯಾಧೀಶರು, ‘ಎಲ್.ಆರ್.’ ಎಂದರೆ ವಾರಸುದಾರರು, ‘ಐ.ಎ.’ ಎಂದರೆ ಮಧ್ಯಂತರ ಅರ್ಜಿ. ಗುಮಾಸ್ತರು ಅವಸರದಲ್ಲಿ ಬರೀ ‘ಕಾಲಾವಕಾಶ’ ಎಂದು ಬರೆದಿದ್ದರೆ ಆರ್ಡರ್ ಶೀಟಿನ ನಕಲಿಗೆ ಅರ್ಜಿ ಹಾಕಿ. ಆ್ಯಪಿನ ಬರಹ ಮಾಹಿತಿಗೆ ಮಾತ್ರ, ಪ್ರಮಾಣಿತ ನಕಲಿನ ಬದಲಿಗೆ ಅದನ್ನು ಕೊಡಲು ಬರುವುದಿಲ್ಲ.

2019ರಿಂದ ಇಲ್ಲಿಯವರೆಗಿನ ಪ್ರತಿ ದಿನಾಂಕವನ್ನೂ ಎಕ್ಸೆಲ್‌ನಲ್ಲೋ ಒಂದು ನೋಟ್‌ಬುಕ್ಕಿನಲ್ಲೋ ಇಳಿಸಿ: ದಿನಾಂಕ, ಉದ್ದೇಶ, ನಡೆದದ್ದೇನು, ಮುಂದೂಡಿದ್ದು ಯಾರ ಕಾರಣಕ್ಕೆ. ಕೊನೆಯ ಅಂಕಣದಲ್ಲಿ ನಾವು, ಅವರು, ಕೋರ್ಟು ಎಂಬ ಮೂರೇ ಉತ್ತರ ಸಾಕು. ನ್ಯಾಯಾಧೀಶರ ರಜೆ, ವರ್ಗಾವಣೆ, ಹುದ್ದೆ ಖಾಲಿ, ಹಾಲ್ ಬದಲಾವಣೆ ಎಲ್ಲ ಕೋರ್ಟಿನ ಲೆಕ್ಕಕ್ಕೆ. ಒಂದು ಸಂಜೆಯ ಕೆಲಸ. ಮುಗಿದ ಮೇಲೆ ‘ಆರು ವರ್ಷ ಕೋರ್ಟು ತಡ ಮಾಡಿತು’ ಎಂಬ ಮಾತು ಸಾಮಾನ್ಯವಾಗಿ ಉಳಿಯುವುದಿಲ್ಲ. ಒಂದೆರಡು ಹಂತಗಳಲ್ಲೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಗಿರುವುದು ಕಾಣುತ್ತದೆ.

ಈಗ ತೀರಿಕೊಂಡ ಅಣ್ಣನ ವಿಷಯ. ಪ್ರತಿವಾದಿ ತೀರಿಕೊಂಡರೆ 90 ದಿನದೊಳಗೆ ಅವರ ವಾರಸುದಾರರನ್ನು ದಾವೆಗೆ ಸೇರಿಸಲು ಅರ್ಜಿ ಹಾಕಬೇಕು, ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 22, ರೂಲ್ 4ರ ಅಡಿ. ಮುಂದೆ ಬರುವ ಆರ್ಡರ್, ರೂಲ್‌ಗಳೆಲ್ಲ ಅದರವೇ. ಹಾಕದಿದ್ದರೆ ಯಾರ ಆದೇಶವೂ ಬೇಕಿಲ್ಲದೆ ಅವರ ಮಟ್ಟಿಗೆ ದಾವೆ ತಾನಾಗಿಯೇ ಬಿದ್ದುಹೋಗುತ್ತದೆ. ವಕೀಲರು ಇದನ್ನು ‘ಅಬೇಟ್’ ಎನ್ನುತ್ತಾರೆ. ವಿಭಾಗದ ದಾವೆಯಲ್ಲಿ ಎಲ್ಲ ಪಾಲುದಾರರೂ ಇರಲೇಬೇಕಾದ್ದರಿಂದ ಒಬ್ಬರ ಮಟ್ಟಿಗೆ ಬಿದ್ದದ್ದು ಇಡೀ ದಾವೆಯನ್ನೇ ಅಲ್ಲಾಡಿಸಬಹುದು. ಆ್ಯಪು ಇದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅದರಲ್ಲಿ ಪ್ರತಿವಾದಿ 2 ಎಂದು ಅಣ್ಣನ ಹೆಸರು ಇಂದಿಗೂ ಹಾಗೆಯೇ ಇರುತ್ತದೆ, ತಾರೀಖು ಬೀಳುತ್ತಲೇ ಇರುತ್ತದೆ. ದಾವಾಪತ್ರದ ತಲೆಬರಹ ತಿದ್ದುವವರೆಗೆ ಕಂಪ್ಯೂಟರಿನ ಪಾಲಿಗೆ ಅವರು ಬದುಕಿದ್ದಾರೆ.

ನಿಮಗೆ ಒಂದು ಅನುಕೂಲವಿದೆ. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟ್ 15-3-2020ರಿಂದ 28-2-2022ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಟ್ಟು, ಆ ನಡುವೆ ಗಡುವು ಮುಗಿಯುವಂಥವರಿಗೆ 1-3-2022ರಿಂದ 90 ದಿನ ಕೊಟ್ಟಿತು. ಹಾಗಾಗಿ ನಿಮ್ಮ ಗಡುವು 2021ರ ಆಗಸ್ಟಿಗೆ ಮುಗಿಯದೆ 2022ರ ಮೇ ಕೊನೆಯವರೆಗೆ ಇತ್ತು. ಅಷ್ಟರೊಳಗೆ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ಆ್ಯಪಿನ ‘ಐ.ಎ. ಸ್ಟೇಟಸ್’ ಭಾಗದಲ್ಲಿ ನೋಡಿ. ಸಲ್ಲಿಕೆಯಾಗಿ ಆದೇಶವೂ ಆಗಿದ್ದರೆ ಉಳಿದಿರುವುದು ತಲೆಬರಹ ತಿದ್ದಿದ ಪ್ರತಿ ಕೊಟ್ಟು ಆ ವಾರಸುದಾರರಿಗೆ ಸಮನ್ಸ್ ಕಳಿಸುವುದಷ್ಟೇ. ಅರ್ಜಿಯೇ ಇಲ್ಲದಿದ್ದರೆ ಮೂರನ್ನು ಒಟ್ಟಿಗೆ ಹಾಕಬೇಕು: ವಾರಸುದಾರರನ್ನು ಸೇರಿಸಲು ಒಂದು, ದಾವೆ ಬಿದ್ದದ್ದನ್ನು ರದ್ದುಪಡಿಸಲು ಆರ್ಡರ್ 22, ರೂಲ್ 9ರ ಅಡಿ ಒಂದು, ವಿಳಂಬ ಮನ್ನಿಸಲು ಕಾಲಮಿತಿ ಕಾಯಿದೆಯ ಸೆಕ್ಷನ್ 5ರ ಅಡಿ ಒಂದು. ಮೊದಲನೆಯದನ್ನು ಮಾತ್ರ ಹಾಕಿ, ಆಕ್ಷೇಪಣೆ ಬಂದ ಮೇಲೆ ಎರಡನೆಯದು, ಆಮೇಲೆ ಮೂರನೆಯದು ಎಂದು ಕಂತಿನಲ್ಲಿ ಹಾಕುವುದರಿಂದಲೇ ಒಂದೊಂದು ವರ್ಷ ಕಳೆದುಹೋಗುತ್ತದೆ. ಅಣ್ಣ ಬದುಕಿದ್ದಾಗ ಹಾಜರಾಗದೆ, ಪ್ರತಿವಾದ ಪತ್ರವನ್ನೂ ಹಾಕದೆ ಇದ್ದಿದ್ದರೆ ವಾರಸುದಾರರನ್ನು ಸೇರಿಸುವುದರಿಂದ ವಿನಾಯಿತಿ ಕೊಡುವ ಅಧಿಕಾರ ಕೋರ್ಟಿಗಿದೆ. ಆದರೆ ಪಾಲಿನ ಕೇಸಿನಲ್ಲಿ ಅದನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ.

ವಾರಸುದಾರರ ಪಟ್ಟಿಯಲ್ಲಿ ಅತ್ತಿಗೆ ಮತ್ತು ಮಕ್ಕಳನ್ನು ಎಲ್ಲರೂ ಬರೆಯುತ್ತಾರೆ, ತಾಯಿಯನ್ನು ಮರೆಯುತ್ತಾರೆ. ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ತಾಯಿಯೂ ಮೊದಲ ದರ್ಜೆಯ ವಾರಸುದಾರಳೇ. ನಿಮ್ಮ ತಾಯಿ ಆಗ ಬದುಕಿದ್ದರೆ ಅವರ ಹೆಸರು ಬಿಡಬೇಡಿ. ಮಕ್ಕಳು ಅಪ್ರಾಪ್ತರಾಗಿದ್ದರೆ ಪೋಷಕರ ನೇಮಕಕ್ಕೆ ಬೇರೆ ಅರ್ಜಿ ಬೇಕು, ಅದನ್ನೂ ಅದೇ ದಿನ ಹಾಕಿಸಿ. ಮರಣ ಪ್ರಮಾಣಪತ್ರವನ್ನು ಇ-ಜನ್ಮ ತಂತ್ರಾಂಶದಿಂದ ತೆಗೆದು, ಪ್ರತಿಯೊಬ್ಬರ ಪೂರ್ತಿ ಹೆಸರು, ವಯಸ್ಸು, ಪಿನ್‌ಕೋಡ್ ಸಹಿತ ವಿಳಾಸ ಬರೆದು ಒಂದೇ ಹಾಳೆಯಲ್ಲಿ ವಕೀಲರಿಗೆ ಕೊಡಿ.

ಅಮೆರಿಕದ ತಮ್ಮನಿಗೆ ಸಮನ್ಸ್ ತಲುಪಿಸಲು ಮೂರು ದಾರಿಗಳಿವೆ. ಎಲ್ಲಕ್ಕಿಂತ ಸುಲಭದ್ದು, ಅವನೇ ಒಪ್ಪಿ ಇಲ್ಲಿನ ವಕೀಲರಿಗೆ ವಕಾಲತ್ತು ಕೊಡುವುದು ಅಥವಾ ಜಿ.ಪಿ.ಎ. (ಅಧಿಕಾರ ಪತ್ರ) ಮೂಲಕ ಒಬ್ಬರನ್ನು ನೇಮಿಸುವುದು. ಅವನೊಂದಿಗೆ ಮಾತು ಇದ್ದರೆ ಒಂದು ಫೋನಿನಲ್ಲಿ ಮುಗಿಯಬಹುದಾದ ಕೆಲಸ. ಎರಡನೆಯದು ಆರ್ಡರ್ 5, ರೂಲ್ 25ರ ಪ್ರಕಾರ ಅಂಚೆ, ಕೊರಿಯರ್ ಅಥವಾ ಇ-ಮೇಲ್. ಮೂರನೆಯದು, ವಿದೇಶದಲ್ಲಿರುವವರಿಗೆ ಸಮನ್ಸ್ ತಲುಪಿಸುವ ಹೇಗ್ ಒಪ್ಪಂದದ ಪ್ರಕಾರ ಕೇಂದ್ರ ಕಾನೂನು ಸಚಿವಾಲಯದ ಮೂಲಕ ಕಳಿಸುವುದು, ತಿಂಗಳುಗಟ್ಟಲೆ ಹಿಡಿಯುತ್ತದೆ. ದಾವಾಪತ್ರವೋ ದಾಖಲೆಗಳೋ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕು. ಒಂದು ವಿಫಲವಾದ ಮೇಲೆ ಇನ್ನೊಂದು ಎಂದು ಹೋಗದೆ, ಎರಡನ್ನೂ ಏಕಕಾಲಕ್ಕೆ ಅನುಮತಿಸಬೇಕೆಂದು ಒಂದೇ ಅರ್ಜಿಯಲ್ಲಿ ಕೇಳಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಿ ನೀಲಿ ಗೆರೆ ಬಂತು ಎಂಬುದನ್ನೇ ನಂಬಬೇಡಿ. ಕೆಲವು ನ್ಯಾಯಾಧೀಶರು ಹೆಚ್ಚುವರಿ ಮಾರ್ಗವಾಗಿ ಒಪ್ಪುತ್ತಾರೆ, ಅದೊಂದೇ ಸಾಕು ಎನ್ನುವವರು ಕಡಿಮೆ.

ಊರೊಳಗಿನ ಸಮನ್ಸಿಗೂ ಇದೇ ರೋಗ. ‘ರಾಜಾಜಿನಗರ, ಬೆಂಗಳೂರು’ ಎಂದು ಬರೆದರೆ ಅಮೀನರು (ಸಮನ್ಸ್ ತಲುಪಿಸುವ ಕೋರ್ಟ್ ಸಿಬ್ಬಂದಿ) ಯಾವ ಬ್ಲಾಕಿಗೆ, ಯಾವ ಮುಖ್ಯರಸ್ತೆಗೆ, ಯಾವ ಅಡ್ಡರಸ್ತೆಗೆ ಹೋಗಬೇಕು? ಹಳೆಯ ನಂಬರು, ಹೊಸ ನಂಬರು ಎರಡನ್ನೂ ಬರೆಯಬೇಕು, ಹತ್ತಿರದ ಗುರುತು ಹೇಳಬೇಕು. ಅಮೀನರ ಕೈಗೆ ಜಿಪಿಎಸ್ ಇರುವ ಫೋನು ಕೊಡುವ ಎನ್‌ಸ್ಟೆಪ್ ಎಂಬ ವ್ಯವಸ್ಥೆ ಬಂದಿದೆ. ಅವರು ಎಲ್ಲಿಗೆ, ಎಷ್ಟು ಹೊತ್ತಿಗೆ ಹೋದರು ಎಂಬುದು ಅದರಲ್ಲಿ ದಾಖಲಾಗುತ್ತದೆ. ಹೋಗದೆಯೇ ‘ಮನೆಗೆ ಬೀಗ’ ಎಂದು ಷರಾ ಬರೆಯುವುದು ಇದರಿಂದ ಕಷ್ಟವಾಗುತ್ತದೆ, ತಪ್ಪು ವಿಳಾಸವಂತೂ ಸರಿಯಾಗುವುದಿಲ್ಲ. ಸಮನ್ಸ್ ಜಾರಿಯಾಗದೆ ವಾಪಸು ಬಂದ ಮೇಲೆ ಏಳು ದಿನದೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕದಿದ್ದರೆ ಆರ್ಡರ್ 9, ರೂಲ್ 5ರಂತೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ವಾಪಸು ಬಂದದ್ದು ಗೊತ್ತಾಗುವುದೇ ಮುಂದಿನ ವಾಯಿದೆಯ ದಿನ ಎನ್ನುವ ಸ್ಥಿತಿ ಹಿಂದೆ ಇತ್ತು. ಈಗ ಆ್ಯಪಿನ ‘ಪ್ರೊಸೆಸ್’ ವಿವರದಲ್ಲಿ ಮೊದಲೇ ಕಾಣುವ ಸಾಧ್ಯತೆ ಇದೆ, ವಾರಕ್ಕೊಮ್ಮೆ ನೋಡಿ. ಅಮೀನರನ್ನು ಕಾಯುವ ಬದಲು ನೀವೇ ತಲುಪಿಸಲು ‘ಹ್ಯಾಂಡ್ ಸಮನ್ಸ್’ ಕೇಳಲು ಆರ್ಡರ್ 5, ರೂಲ್ 9ಎ ಅವಕಾಶ ಕೊಡುತ್ತದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಕಂಪ್ಯೂಟರೀಕರಣ ಆದರೂ ತಡ ಯಾಕೆ? ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಶುರುವಾಯಿತು. ಮೂರನೆಯ ಹಂತಕ್ಕೆ 2023ರಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿ ಒಪ್ಪಿತು. ಈವರೆಗೆ ಆಗಿರುವ ಕೆಲಸದ ದೊಡ್ಡ ಪಾಲು ದಾಖಲೀಕರಣ: ಯಾವ ಕೇಸು, ಎಲ್ಲಿದೆ, ಎಂದಿಗೆ ಎಂದು ತಿಳಿಸುವುದು. ದಿನಚರಿ ಹಂಚುವ ಕ್ರಮ ಹೆಚ್ಚು ಬದಲಾಗಿಲ್ಲ. ಒಂದು ಹಾಲ್‌ನಲ್ಲಿ ದಿನಕ್ಕೆ 90 ಕೇಸು ಪಟ್ಟಿಯಾಗಿ, ಕೆಲಸಕ್ಕೆ ಐದು ಗಂಟೆ ಸಿಕ್ಕಿತು ಎಂದುಕೊಳ್ಳಿ. ಒಂದಕ್ಕೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಒಬ್ಬ ಸಾಕ್ಷಿಯ ಪಾಟಿ ಸವಾಲೇ ಒಂದು ಗಂಟೆ ತೆಗೆದುಕೊಂಡರೆ ಹದಿನೆಂಟು ಕೇಸುಗಳ ಸಮಯ ಹೋಯಿತು. ಹಾಗಾಗಿ ಪಟ್ಟಿಯ ಬಹುಪಾಲು ಕೇಸುಗಳಿಗೆ ಆ ದಿನ ಆಗುವುದು ತಾರೀಖು ಮಾತ್ರ. ಇದಕ್ಕೆ ನಿಯಮ ಇಲ್ಲವೆಂದಲ್ಲ. 2005ರ ಕರ್ನಾಟಕ ಕೇಸ್ ಫ್ಲೋ ಮ್ಯಾನೇಜ್‌ಮೆಂಟ್ ನಿಯಮಗಳು ದಾವೆಗಳನ್ನು ಟ್ರ್ಯಾಕ್‌ಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಕಾಲದ ಗುರಿ ಇಟ್ಟಿವೆ, ವಿಭಾಗದ ದಾವೆಗೆ 24 ತಿಂಗಳು. ನಿಯಮ ಇದ್ದೂ, ಕಂಪ್ಯೂಟರ್ ಇದ್ದೂ, ಗುರಿ ಮೀರಿದ ಕೇಸನ್ನು ಎತ್ತಿ ಮೇಲಕ್ಕಿಡುವ ಜೋಡಣೆ ಆಗದಿರುವುದೇ ನನ್ನ ಮಟ್ಟಿಗೆ ದೊಡ್ಡ ಲೋಪ. ನ್ಯಾಯಾಧೀಶರ ಕೊರತೆಯೂ ಇದೆ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು, ಇಂದಿಗೂ ಅದರ ಅರ್ಧ ದಾಟಿಲ್ಲ. ಯಾವ ತಂತ್ರಾಂಶವೂ ಆ ಜಾಗ ತುಂಬುವುದಿಲ್ಲ.

ಎಐ ಬಂದರೆ ಎಲ್ಲ ಸಲೀಸು ಎನ್ನುವವರಿಗೆ ಒಂದು ಮಾತು. ಸಾಕ್ಷಿಯ ಹೇಳಿಕೆಯನ್ನು ಬೆರಳಚ್ಚಿಗೆ ಇಳಿಸಲು, ತೀರ್ಪನ್ನು ಕನ್ನಡಕ್ಕೆ ತರಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿದ್ದನ್ನು 2025ರಲ್ಲಿ ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ನೀವೂ ಮೊಬೈಲಿನಲ್ಲಿ ಎಐ ಕೊಟ್ಟ ತೀರ್ಪಿನ ಹೆಸರನ್ನು ವಕೀಲರಿಗೆ ಕಳಿಸುವ ಮೊದಲು ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಅದು ಇದೆಯೇ ನೋಡಿ.

ಸಮನ್ಸ್ ಹಂತ ದಾಟಿದ ಮೇಲೆ ಸಾಕ್ಷ್ಯದ ಹಂತದಲ್ಲಿ ಕೇಸು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಈಗಲೇ ಸಿದ್ಧರಾಗಿ. ಮುಖ್ಯ ವಿಚಾರಣೆ ಅಫಿಡವಿಟ್‌ನಲ್ಲೇ ಆಗುತ್ತದೆ. ಆ ದಿನ ಮೂಲ ದಾಖಲೆ ತಾರದೆ ಜೆರಾಕ್ಸ್ ತಂದರೆ ಗುರುತು ಹಾಕಲು ಆಗದೆ ಒಂದು ವಾಯಿದೆ ಹೋಗುತ್ತದೆ. ಜಮೀನಿನ ಪಹಣಿ ಮತ್ತು ಮ್ಯುಟೇಶನ್ ದಾಖಲೆ, ಎರಡೂ ಸ್ವತ್ತುಗಳ ಋಣಭಾರ ಪ್ರಮಾಣಪತ್ರ, ಮನೆಯ ಖಾತಾ, ವಂಶವೃಕ್ಷ ಇವನ್ನು ಕ್ರಮಸಂಖ್ಯೆ ಹಾಕಿ ಜೋಡಿಸಿ. ಸೋದರರೊಂದಿಗಿನ ವಾಟ್ಸ್‌ಆ್ಯಪ್ ಮಾತುಕತೆ ಹಾಜರುಪಡಿಸುವುದಿದ್ದರೆ ಪ್ರಿಂಟಿನ ಜೊತೆ ಪ್ರಮಾಣಪತ್ರ ಕಡ್ಡಾಯ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಆದರೆ ಅಂದಿಗೆ ಬಾಕಿ ಇದ್ದ ಕೇಸುಗಳಿಗೆ ಹಳೆಯ ಕಾಯಿದೆಯೇ ಅನ್ವಯ. ನಿಮ್ಮದು 2019ರದ್ದು, ಆದ್ದರಿಂದ ಸೆಕ್ಷನ್ 65ಬಿ ಪ್ರಮಾಣಪತ್ರ ಬೇಕು. ಹೊಸ ಕಾಯಿದೆಯ ಸೆಕ್ಷನ್ 63ರ ನಮೂನೆ ತುಂಬಿ ಕೊಟ್ಟು ಆಕ್ಷೇಪಣೆಗೆ ಎಡೆ ಮಾಡಬೇಡಿ. ಚಾಟ್ ಇದ್ದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ತಮ್ಮನೋ ಬೇರೆ ಸಾಕ್ಷಿಯೋ ದೂರ ಇದ್ದರೆ ವಿಡಿಯೊ ಕಾನ್ಫರೆನ್ಸ್ ಕೇಳಬಹುದು, ಹೈಕೋರ್ಟ್ ಇದಕ್ಕೆ 2020ರಲ್ಲಿ ನಿಯಮ ಮಾಡಿದೆ. ಮನೆಯ ಸೋಫಾದ ಮೇಲೆ ಕುಳಿತು ಸಾಕ್ಷಿ ಹೇಳಲು ಆಗುವುದಿಲ್ಲ. ಆ ತುದಿಯಲ್ಲಿ ಸಂಯೋಜಕರೊಬ್ಬರು ಇರಬೇಕು, ವಿದೇಶವಾದರೆ ಭಾರತೀಯ ದೂತಾವಾಸದ ಅಧಿಕಾರಿ. ಪಾಟಿ ಸವಾಲಿನಲ್ಲಿ ತೋರಿಸುವ ದಾಖಲೆಗಳ ಪ್ರತಿ ಮೊದಲೇ ಅವರಿಗೆ ತಲುಪಿರಬೇಕು. ಇಲ್ಲಿ ಬೆಳಿಗ್ಗೆ ಹನ್ನೊಂದಾದಾಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ರಾತ್ರಿ, ಆಗ ದೂತಾವಾಸ ತೆರೆದಿರುವುದಿಲ್ಲ. ಸಮಯದ ಪ್ರಸ್ತಾಪವನ್ನು ಅರ್ಜಿಯಲ್ಲೇ ಬರೆಯಿರಿ.

ಎದುರು ಪಕ್ಷ ಎಳೆಯುತ್ತಿದ್ದರೆ ನಿಮ್ಮ ಪಟ್ಟಿ ಆಗ ಕೆಲಸಕ್ಕೆ ಬರುತ್ತದೆ. ಆರ್ಡರ್ 17, ರೂಲ್ 1 ವಿಚಾರಣೆಯ ಹಂತದಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು ಎನ್ನುತ್ತದೆ. ಕಟ್ಟುನಿಟ್ಟಾಗಿ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ‘ಇಂತಿಂಥ ಏಳು ದಿನಾಂಕಗಳಲ್ಲಿ ಪ್ರತಿವಾದಿ ಕಾಲಾವಕಾಶ ಪಡೆದಿದ್ದಾರೆ’ ಎಂದು ದಿನಾಂಕ ಸಮೇತ ಮೆಮೊ ಹಾಕಿದರೆ ನ್ಯಾಯಾಧೀಶರು ವೆಚ್ಚ ವಿಧಿಸಲು ಅಥವಾ ಅವರ ಅವಕಾಶ ಮುಕ್ತಾಯ ಎಂದು ಬರೆಯಲು ಆಧಾರ ಸಿಗುತ್ತದೆ. ಬಾಯಿಮಾತಿನ ದೂರಿಗೆ ಆ ತೂಕ ಇಲ್ಲ. ನಿಮ್ಮಲ್ಲಿ ಯಾರಿಗಾದರೂ 60 ದಾಟಿದ್ದರೆ ವಯಸ್ಸಿನ ದಾಖಲೆಯೊಂದಿಗೆ ಶೀಘ್ರ ವಿಚಾರಣೆಯ ಅರ್ಜಿ ಹಾಕಿ. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಹಿರಿಯ ನಾಗರಿಕರು ಮತ್ತು ಮಹಿಳೆಯರು ಹಾಕಿದ ಕೇಸುಗಳ ಪ್ರತ್ಯೇಕ ಎಣಿಕೆ ಇದೆ. ದಾವೆ ಹಾಕುವಾಗ ವಯಸ್ಸಿನ ಕಲಂ ಖಾಲಿ ಬಿಟ್ಟಿದ್ದರೆ ನಿಮ್ಮ ಕೇಸು ಆ ಎಣಿಕೆಗೆ ಬಂದಿರಲಾರದು, ಕಚೇರಿಯಲ್ಲಿ ವಿಚಾರಿಸಿ ಸರಿಪಡಿಸಿಕೊಳ್ಳಿ.

ವಾಯಿದೆಯ ಹಿಂದಿನ ಸಂಜೆ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ನೋಡಿ ಸಿಸಿಎಚ್ (ಸಿಟಿ ಸಿವಿಲ್ ಕೋರ್ಟ್ ಹಾಲ್) ನಂಬರು ಖಚಿತಪಡಿಸಿಕೊಳ್ಳಿ. ಹೊಸ ಕೋರ್ಟುಗಳು ರಚನೆಯಾದಾಗ ಕಡತಗಳು ಸ್ಥಳಾಂತರವಾಗುತ್ತವೆ, ಕೆ.ಜಿ. ರಸ್ತೆಯ ಸಂಕೀರ್ಣದಲ್ಲಿದ್ದದ್ದು ಮೇಯೊ ಹಾಲಿಗೆ ಹೋಗಿರಲೂಬಹುದು. ನೀವು ಹಳೆಯ ಹಾಲ್‌ನ ಮುಂದೆ ಕಾಯುತ್ತಿರುವಾಗ ಇನ್ನೊಂದು ಕಡೆ ‘ವಾದಿ ಗೈರು, ದಾವೆ ವಜಾ’ ಆದರೆ ಪುನಃಸ್ಥಾಪನೆಗೆ 30 ದಿನವಷ್ಟೇ. ನ್ಯಾಯಾಧೀಶರು ಬದಲಾದರೆ ದಾಖಲಾದ ಸಾಕ್ಷ್ಯ ಹಾಗೇ ಉಳಿಯುತ್ತದೆ, ವಾದ ಮಾತ್ರ ಮತ್ತೆ ಮಂಡಿಸಬೇಕು.

ಇವೆಲ್ಲದರ ನಡುವೆ ಮಧ್ಯಸ್ಥಿಕೆಯನ್ನು ಮರೆಯಬೇಡಿ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕೋರ್ಟೇ ಕೇಸು ಕಳಿಸಬಲ್ಲದು, ಒಡಹುಟ್ಟಿದವರ ಪಾಲಿನ ಜಗಳಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ತಮ್ಮ ವಿಡಿಯೊ ಮೂಲಕ ಸೇರಲು ಅವಕಾಶ ಕೇಳಿ. ಆದರೆ ವಾರಸುದಾರರು ದಾಖಲೆಗೆ ಬರುವ ಮೊದಲು ರಾಜಿ ಮಾಡಿಕೊಂಡರೆ ಅತ್ತಿಗೆ, ಮಕ್ಕಳು ನಾಳೆ ಅದನ್ನು ಪ್ರಶ್ನಿಸಬಹುದು.

ಕೊನೆಗೆ ಪ್ರಾಥಮಿಕ ಡಿಕ್ರಿ ಬಂದರೆ ಕೇಸು ಮುಗಿಯಿತೆಂದುಕೊಂಡು ಆ್ಯಪ್ ಅಳಿಸಬೇಡಿ. ಅದು ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ನಿಜವಾದ ಹಂಚಿಕೆ ಅಂತಿಮ ಡಿಕ್ರಿಯಲ್ಲಿ. ಹಿಂದೆ ಅದಕ್ಕೆ ಹೊಸದಾಗಿ ಎಫ್‌ಡಿಪಿ (ಅಂತಿಮ ಡಿಕ್ರಿ ಪ್ರಕ್ರಿಯೆ) ಅರ್ಜಿ ಹಾಕಿ ಮತ್ತೆ ಮೊದಲಿನಿಂದ ನೋಟಿಸು ಕಳಿಸುವ ಪದ್ಧತಿ ಇತ್ತು. ಬೇರೆ ಅರ್ಜಿಗೆ ಕಾಯದೆ ವಿಚಾರಣಾ ನ್ಯಾಯಾಲಯವೇ ಮುಂದುವರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಡಿಕ್ರಿಯ ದಿನವೇ ವಕೀಲರು ಅದನ್ನು ಗಮನಕ್ಕೆ ತರಲಿ. ಕಂದಾಯ ಕಟ್ಟುವ ಜಮೀನನ್ನು, ಸಿಪಿಸಿ ಸೆಕ್ಷನ್ 54ರ ಕರ್ನಾಟಕ ತಿದ್ದುಪಡಿಯಂತೆ, ಬೇಕಿದ್ದರೆ ಕಂದಾಯ ಅಧಿಕಾರಿಯ ಅಥವಾ ಕಮಿಷನರ್ ವರದಿ ಪಡೆದು ಕೋರ್ಟೇ ಹಂಚುತ್ತದೆ, ಮನೆಗೆ ಕೋರ್ಟ್ ಕಮಿಷನರ್ ಬರುತ್ತಾರೆ. ಮನೆ ಐದು ಪಾಲಾಗಿ ಒಡೆಯಲು ಬಾರದಿದ್ದರೆ 1893ರ ವಿಭಾಗ ಕಾಯಿದೆಯಂತೆ ಮಾರಾಟವೋ, ಬೆಲೆ ಕಟ್ಟಿಸಿ ಒಬ್ಬರೇ ಕೊಳ್ಳುವುದೋ ಆಗಬಹುದು. ಅಂತಿಮ ಡಿಕ್ರಿಯನ್ನು ಛಾಪಾಕಾಗದದ ಮೇಲೆ ಇಳಿಸಲು ಹಣ ಹೊಂದಿಸುತ್ತ ಕುಳಿತರೂ ಅಮಲ್ಜಾರಿಯ 12 ವರ್ಷದ ಗಡುವು ಡಿಕ್ರಿಯ ದಿನದಿಂದಲೇ ಓಡುತ್ತದೆ, ಛಾಪಾಕಾಗದ ಕೊಟ್ಟ ದಿನದಿಂದ ಅಲ್ಲ.